ಮೊಲ ರಾತ್ರಿಯೆಲ್ಲ ಗೂಡಿನ ಕಂಬಿ ಕಡಿಯುತ್ತೆ, ಬಿಡಿಸೋದು ಹೇಗೆ?

“ಮೇಡಂ, ನಮ್ಮ ಮನೇಲಿ ಒಂದು ವರ್ಷದ ಮೊಲ ಇದೆ. ಹಗಲೆಲ್ಲ ಸಾಧುವಾಗಿ ಮಲಗಿರುತ್ತೆ. ರಾತ್ರಿ ನಾವು ಲೈಟ್ ಆರಿಸಿದ್ದೇ ತಡ, ಕಂಬಿ ಹಿಡಿದು ಕಡಿಯೋಕೆ ಶುರು ಮಾಡುತ್ತೆ. ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಅಂಗಡಿಯವರನ್ನು ಕೇಳಿದರೆ, ‘ಹಲ್ಲು ಬೆಳೀತಾ ಇರುತ್ತಲ್ಲ, ಸವೆಸಿಕೊಳ್ಳಲಿ ಬಿಡಿ’ ಅಂತಾರೆ. ಏನು ಮಾಡಲಿ?”

ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಊರು ಬೇರೆ, ಮೊಲದ ಹೆಸರು ಬೇರೆ. ಅಂಗಡಿಯವರ ಮಾತು ಮಾತ್ರ ಒಂದಕ್ಷರವೂ ಬದಲಾಗುವುದಿಲ್ಲ. ಪ್ರಶ್ನೆಗೆ ಉತ್ತರ ಚಿಕ್ಕದು: ಸಂಜೆ ಗೂಡಿನಿಂದ ಬಿಡಿ, ಮಲಗುವ ಮುಂಚೆ ಹೊಟ್ಟೆತುಂಬ ಹುಲ್ಲು ಹಾಕಿ, ಕಡಿದಾಗ ಎದ್ದು ಹೋಗಬೇಡಿ. ಆದರೆ ಆ ಹಲ್ಲಿನ ಮಾತನ್ನು ತಲೆಯಿಂದ ತೆಗೆಯದೆ ಈ ಮೂರನ್ನು ಹೇಳಿದರೆ ಯಾರೂ ಒಂದು ವಾರಕ್ಕಿಂತ ಹೆಚ್ಚು ಪಾಲಿಸುವುದಿಲ್ಲ. ಒಳಗೊಳಗೇ “ಪಾಪ, ಹಲ್ಲಿಗೆ ಬೇಕೇನೋ” ಅನಿಸುತ್ತಲೇ ಇರುತ್ತದೆ. ಹಾಗಾಗಿ ಮೊದಲು ಹಲ್ಲು.

ಮೊಲಕ್ಕೆ ಒಟ್ಟು 28 ಹಲ್ಲು. ಅಷ್ಟೂ ಹಲ್ಲುಗಳು ಬದುಕಿರುವವರೆಗೆ ಬೆಳೆಯುತ್ತವೆ ಅನ್ನುವುದು ನಿಜ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಸವೆಯದೆ ಉಳಿದರೆ ವರ್ಷಕ್ಕೆ ಹತ್ತು ಸೆಂಟಿಮೀಟರ್. ಇಷ್ಟು ಕೇಳಿದವರು “ಹಾಗಾದರೆ ಕಬ್ಬಿಣವೇ ಬೇಕಲ್ಲ” ಎಂದು ನೇರ ತೀರ್ಮಾನಕ್ಕೆ ಹಾರುತ್ತಾರೆ. ತಪ್ಪಾಗುವುದು ಅಲ್ಲೇ. ಸವೆಯಬೇಕು ನಿಜ, ಯಾವುದರಿಂದ ಸವೆಯಬೇಕು ಅನ್ನುವುದು ಬೇರೆ ಮಾತು.

ಮೊಲದ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಹಲ್ಲು ಅಡಗಿರುತ್ತದೆ. ಇಲಿ ಹೆಗ್ಗಣಗಳಿಗೆ ಅದು ಇಲ್ಲ. ಮೊಲವನ್ನು ಇಲಿಗಳ ಗುಂಪಿನಿಂದ ಹೊರಗಿಡಲು ಇದೂ ಒಂದು ಕಾರಣ, ಆದರೂ ಇವತ್ತಿಗೂ ಎಷ್ಟೋ ಜನ ಅದನ್ನು ಇಲಿಯ ಅಣ್ಣನೆಂದೇ ತಿಳಿದಿದ್ದಾರೆ. ಬಾಯಿ ಮುಚ್ಚಿದಾಗ ಕೆಳಗಿನ ಬಾಚಿಹಲ್ಲು ಈ ಎರಡು ಜೋಡಿಗಳ ನಡುವೆ ಬಂದು ಕೂರುತ್ತದೆ. ಹಲ್ಲಿನ ಮುಂಭಾಗದ ಎನಾಮಲ್ ದಪ್ಪ, ಹಿಂಭಾಗ ಅದಕ್ಕಿಂತ ಮೆದು. ಮೇಲಿನದೂ ಕೆಳಗಿನದೂ ಒಂದಕ್ಕೊಂದು ಉಜ್ಜುತ್ತಾ ಹಿಂಭಾಗ ಬೇಗ ಸವೆದು, ಮುಂದಿನ ಅಂಚು ಬಡಗಿಯ ಉಳಿಯ ಹಾಗೆ ಚೂಪಾಗಿ ಉಳಿಯುತ್ತದೆ. ಬಾಚಿಹಲ್ಲಿಗೆ ಬೇಕಾದ ಸಾಣೆ ಅದರ ಎದುರಿನ ಹಲ್ಲೇ.

ಇನ್ನು ನಿಜವಾಗಿ ಚಿಂತೆ ಮಾಡಬೇಕಾದ ಹಲ್ಲು ನಮಗೆ ಕಾಣುವುದೇ ಇಲ್ಲ. ಅದು ಒಳಗಿನ ದವಡೆ ಹಲ್ಲು. ಮೊಲ ಹುಲ್ಲು ತಿನ್ನುವುದನ್ನು ಹತ್ತಿರ ಕೂತು ನೋಡಿ. ಒಂದೊಂದೇ ಎಳೆ ಒಳಗೆ ಹೋಗುತ್ತಿರುತ್ತದೆ, ಕೆಳದವಡೆ ಮೇಲೆ ಕೆಳಗೆ ಆಡುವುದಿಲ್ಲ, ಬೀಸುವ ಕಲ್ಲಿನ ಹಾಗೆ ಪಕ್ಕಕ್ಕೆ ಆಡುತ್ತದೆ, ಅದೂ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಕಣಗಳಿರುತ್ತವೆ. ಗಂಟೆಗಟ್ಟಲೆ ನಡೆಯುವ ಈ ಬೀಸುವಿಕೆಯಿಂದಲೇ ದವಡೆ ಹಲ್ಲು ಅಳತೆಯಲ್ಲಿರುತ್ತದೆ. ಕಂಬಿ ಕಚ್ಚಿದಾಗ ಏನಾಗುತ್ತದೆ? ಕಂಬಿ ಮುಂದಿನ ಹಲ್ಲುಗಳ ನಡುವೆ ಸಿಕ್ಕಿ ಬಾಯಿ ತೆರೆದೇ ಇರುತ್ತದೆ. ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗುವುದೇ ಇಲ್ಲ. ರಾತ್ರಿಯಿಡೀ ಕಡಿದರೂ ಅಲ್ಲಿ ಕೂದಲೆಳೆಯಷ್ಟೂ ಸವೆಯುವುದಿಲ್ಲ.

ಮುಂದಿನ ಹಲ್ಲಾದರೂ ಸವೆಯುತ್ತದೆಯೇ? ಸವೆಯುವುದಲ್ಲ, ಮುರಿಯುತ್ತದೆ. ಮೊಲ ಕಂಬಿಯನ್ನು ನಯವಾಗಿ ಉಜ್ಜುವುದಿಲ್ಲ, ಕಚ್ಚಿ ಹಿಡಿದು ಕತ್ತು ಹಿಂದಕ್ಕೆ ಎಳೆಯುತ್ತದೆ. ಆ ಜಗ್ಗಾಟವೆಲ್ಲ ಹಲ್ಲಿನ ಬೇರಿನ ಮೇಲೆ ಬೀಳುತ್ತದೆ. ನನ್ನ ಮೊದಲ ಮೊಲ ಬೆಳ್ಳಿಯನ್ನು ತಂದಾಗ ನನಗೂ ಅಂಗಡಿಯಲ್ಲಿ ಇದೇ ಮಾತು ಹೇಳಿದ್ದರು, ನಾನೂ ನಂಬಿದೆ. ಒಂದು ಬೆಳಿಗ್ಗೆ ಕೊತ್ತಂಬರಿ ಕಡ್ಡಿ ಕೊಟ್ಟರೆ ಬಾಯಿಗೆ ತೆಗೆದುಕೊಂಡು ಹಾಗೇ ಕೆಳಗೆ ಹಾಕಿತು. ಮತ್ತೆ ತೆಗೆದುಕೊಂಡಿತು, ಮತ್ತೆ ಹಾಕಿತು. ಎತ್ತಿ ತುಟಿ ಸರಿಸಿ ನೋಡಿದರೆ ಕೆಳಗಿನ ಎಡ ಬಾಚಿಹಲ್ಲು ಓರೆಯಾಗಿ ಮುರಿದು, ಒಸಡಿನ ಹತ್ತಿರ ರಕ್ತ ಒಣಗಿತ್ತು. ಕಂಬಿಯ ಬಿಳಿ ಬಣ್ಣದ ಚಕ್ಕೆ ಮೂತಿಯ ಕೂದಲಿಗೆ ಅಂಟಿತ್ತು. ತಿಂಗಳೊಳಗೆ ಹಲ್ಲು ಮತ್ತೆ ಬಂತು, ಆದರೆ ಓರೆಯಾಗಿ ಬಂತು. ಎದುರಿನ ಹಲ್ಲಿಗೆ ತಾಗದ ಹಲ್ಲು ಸವೆಯುವುದಾದರೂ ಹೇಗೆ? ಅಲ್ಲಿಂದ ಬೆಳ್ಳಿ ಬದುಕಿರುವವರೆಗೂ ಐದು ವಾರಕ್ಕೊಮ್ಮೆ ಪಶುವೈದ್ಯರ ಹತ್ತಿರ ಒಯ್ದು ಹಲ್ಲು ತೇಯಿಸಬೇಕಾಯಿತು. ಹಲ್ಲು ಬೆಳೆಯದಿರಲಿ ಎಂದು ಕಡಿಯಲು ಬಿಟ್ಟಿದ್ದರಿಂದಲೇ ಹಲ್ಲು ಬೆಳೆಯುವ ಕಾಯಿಲೆ ಬಂತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟು ಹೇಳಿದ ಮೇಲೂ “ಆದರೂ ಸ್ವಲ್ಪ ಸವೆಯುತ್ತಲ್ಲ?” ಅನ್ನುವವರಿದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದಹಾಗೆ. ಅವರಿಗೆ ಎರಡೇ ಮಾತು. ನಾವು ಸಾಕುವ ಮೊಲದ ಮೂಲ ಯೂರೋಪಿನ ಕಾಡುಮೊಲ, ನೆಲದಲ್ಲಿ ಬಿಲ ತೋಡಿ ಬದುಕುವ ಪ್ರಾಣಿ. ಬಿಲದಲ್ಲಿ ಕಬ್ಬಿಣದ ಕಂಬಿ ಇರುವುದಿಲ್ಲ, ಆದರೂ ಅದರ ಹಲ್ಲು ಸರಿಯಾಗಿಯೇ ಇರುತ್ತದೆ. ನಮ್ಮಲ್ಲೂ ಗೂಡೇ ಇಲ್ಲದೆ ಮನೆಯೊಳಗೆ ಬಿಟ್ಟು ಸಾಕಿದ ಮೊಲಗಳಿವೆ, ಅವುಗಳ ಹಲ್ಲಿಗೂ ಏನೂ ಆಗಿಲ್ಲ. ತಲೆ ಪುಟ್ಟದಾಗಿ, ಮುಖ ದುಂಡಗಿರುವ ಕುಳ್ಳ ತಳಿಗಳಿಗೆ ಹುಟ್ಟಿನಿಂದಲೇ ಹಲ್ಲು ಹೊಂದದೆ ಇರಬಹುದು. ಅಂಥವು ಕಂಬಿ ಕಡಿದರೂ ಹಲ್ಲು ಉದ್ದ ಬೆಳೆಯುತ್ತಲೇ ಹೋಗುತ್ತದೆ. ಅಗ್ಗದ ಗೂಡಿನ ಜಿಐ ತಂತಿಯ ಸತುವಿನ ಲೇಪ, ಹಳೆಯ ಬಣ್ಣದಲ್ಲಿರಬಹುದಾದ ಸೀಸ, ಎರಡೂ ಹೊಟ್ಟೆಗೆ ಹೋದರೆ ವಿಷ. ಹಾಗೆಯೇ, ಉಗುರು ಕತ್ತರಿಸುವ ಕಟರ್‌ನಿಂದ ಮನೆಯಲ್ಲೇ ಮೊಲದ ಹಲ್ಲು ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಉದ್ದಕ್ಕೆ ಸೀಳುತ್ತದೆ, ಸೀಳು ಬೇರಿನವರೆಗೆ ಹೋಗುತ್ತದೆ.

ಹಾಗಾದರೆ ಕಡಿಯುವುದೇಕೆ? ಹೊರಗೆ ಬರಬೇಕು, ಅಷ್ಟೇ. ಮೊಲ ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ರಾತ್ರಿಯ ಪ್ರಾಣಿಯೂ ಅಲ್ಲ. ಗೋಧೂಳಿ ಹೊತ್ತು ಮತ್ತು ನಸುಕು, ಇವೆರಡೂ ಅದು ಓಡಾಡುವ ಸಮಯ. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಮೊಲಕ್ಕೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಬರುವುದಿಲ್ಲ. ಮಧ್ಯಾಹ್ನವೆಲ್ಲ ಕಾಲು ಚಾಚಿ ಬಿದ್ದುಕೊಂಡು ತಂಪು ಹೊತ್ತಿಗೆ ಕಾಯುತ್ತದೆ. ನಮ್ಮ ಮನೆಗಳಲ್ಲಿ ಆ ತಂಪು ಹೊತ್ತು ಅಂದರೆ ಅಡುಗೆ, ಟಿವಿ, ಮಕ್ಕಳ ಹೋಮ್‌ವರ್ಕ್. ಮೊಲದ ಕಡೆ ಯಾರೂ ತಿರುಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಎರಡಡಿ ಗೂಡಿನಲ್ಲಿ ಅದು ಸರಿಯಾಗಿ ಮೂರು ನೆಗೆತ ನೆಗೆಯಲೂ ಆಗದು. ಬ್ರಿಟನ್ನಿನಲ್ಲಿ ಮೊಲಗಳ ಪರವಾಗಿ ಕೆಲಸ ಮಾಡುವವರು ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕು ಅನ್ನುತ್ತಾರೆ. ಬಾಡಿಗೆ ಮನೆಯಲ್ಲಿ ಅಷ್ಟು ಜಾಗ ಎಲ್ಲಿ ತರುವುದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಹೇಳುವುದು, ದಿನಕ್ಕೆ ಮೂರು ನಾಲ್ಕು ಗಂಟೆ ಒಂದು ರೂಮಿನಲ್ಲೋ ಮುಚ್ಚಿದ ಬಾಲ್ಕನಿಯಲ್ಲೋ ಬಿಡಿ. ವೈರುಗಳನ್ನು ಮೇಲೆತ್ತಿ ಕಟ್ಟಿ, ಟೈಲ್ಸ್ ಮೇಲೆ ಒಂದು ಜಮಖಾನ ಹಾಸಿ, ಇಲ್ಲದಿದ್ದರೆ ಕಾಲು ಜಾರುತ್ತದೆ. ಬಿಡುವ ಹೊತ್ತು ಸಂಜೆ ಆರೂವರೆಯಿಂದ ಊಟದವರೆಗೆ ಇರಲಿ. ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಅದು ಸೋಫಾ ಕೆಳಗೆ ಹೋಗಿ ಮಲಗುತ್ತದೆ, ರಾತ್ರಿಯ ಕೆಲಸ ಹಾಗೇ ಬಾಕಿ ಉಳಿಯುತ್ತದೆ.

ಮಲಗುವ ಮುಂಚೆ ಹುಲ್ಲು. ಹೆಚ್ಚಿನವರು ಬೆಳಿಗ್ಗೆ ಎಲ್ಲವನ್ನೂ ಕೊಟ್ಟು ರಾತ್ರಿ ಖಾಲಿ ಗೂಡಿನಲ್ಲಿ ಬಿಡುತ್ತಾರೆ. ಇದನ್ನು ತಿರುವುಮುರುವು ಮಾಡಿ. ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ಆನ್‌ಲೈನ್‌ನಲ್ಲಿ ತರಿಸುವ ಟಿಮೊಥಿ ಹುಲ್ಲು ಒಳ್ಳೆಯದು, ದುಬಾರಿ. ನಮ್ಮ ಗರಿಕೆ ಅದಕ್ಕೇನೂ ಕಡಿಮೆಯಿಲ್ಲ. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದ್ದಾಗಿರಲಿ. ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಿ. ರಾಗಿ ಹುಲ್ಲನ್ನು ಬೆರೆಸಬಹುದು. ಕುದುರೆ ಮೆಂತ್ಯೆ (ಲೂಸರ್ನ್) ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗೆ ಸರಿ, ದೊಡ್ಡ ಮೊಲಕ್ಕೆ ದಿನವೂ ಬೇಡ. ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ, ಕೊಡುವುದಿದ್ದರೆ ದಿನಕ್ಕೆ ಮೈತೂಕದ ಕೆಜಿಗೆ 25 ಗ್ರಾಂ ಸಾಕು, ಅದನ್ನೂ ಬಟ್ಟಲಿಗೆ ಸುರಿಯಬೇಡಿ. ಕೊರಿಯರ್ ಡಬ್ಬದ ಟೇಪು, ಪಿನ್ನು ಕಿತ್ತು, ಹುಲ್ಲು ತುರುಕಿ, ನಡುವೆ ಪೆಲೆಟ್ ಉದುರಿಸಿಡಿ. ಹುಡುಕಿ ತಿನ್ನುವಷ್ಟರಲ್ಲಿ ಎರಡು ಗಂಟೆ ಕಳೆಯುತ್ತದೆ.

ಕಡಿಯಲು ಬೇರೆ ಏನಾದರೂ ಕೊಡಬೇಕೆಂದರೆ, ನಮ್ಮ ರಾಜ್ಯದಲ್ಲಿ ಇರುವಷ್ಟು ಒಳ್ಳೆಯ ಕಡ್ಡಿ ಬೇರೆಲ್ಲೂ ಇಲ್ಲ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಸಾಕುವವರ ಮನೆ ಹಿಂದೆ ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ, ಒಲೆಗೆ ಹಾಕುತ್ತಾರೆ. ಒಂದು ಕಟ್ಟು ಕೇಳಿ ತನ್ನಿ. ಮೊಲ ಮೊದಲು ಸಿಪ್ಪೆಯನ್ನು ಉದ್ದುದ್ದ ಸುಲಿದು ತಿನ್ನುತ್ತದೆ, ಆಮೇಲೆ ಬಿಳಿ ಕಡ್ಡಿಯನ್ನು ತುದಿಯಿಂದ ಕಚ್ಚುತ್ತಾ ಬರುತ್ತದೆ. ಸೀಬೆ ಕೊಂಬೆಯೂ ಆಗುತ್ತದೆ. ಬಣ್ಣ ಬಳಿಯದ ಹಳೆಯ ಬಿದಿರಿನ ಬುಟ್ಟಿ ಸಿಕ್ಕರೆ ಹಬ್ಬ. ಕಣಗಿಲೆ, ಎಕ್ಕದ ಗಿಡ ಹತ್ತಿರಕ್ಕೂ ಬರಬಾರದು.

ಮೂರನೆಯದು ಎಲ್ಲರಿಗೂ ಕಷ್ಟ. ಕಂಬಿ ಕಡಿಯಿತು, ನೀವು ಎದ್ದಿರಿ, ಬೈದಿರಿ, ಒಂದು ತುಂಡು ಕ್ಯಾರೆಟ್ ಕೊಟ್ಟು ಸುಮ್ಮನಾಗಿಸಿದಿರಿ. ಮೊಲ ಕಲಿತದ್ದು ಇಷ್ಟು: ಇದನ್ನು ಕಡಿದರೆ ಜನ ಬರುತ್ತಾರೆ. ಬೈಗುಳವೂ ಅದಕ್ಕೆ ನೀವು ಬಂದ ಹಾಗೆಯೇ ಲೆಕ್ಕ. ಹೋಗುವುದನ್ನು ನಿಲ್ಲಿಸಿದ ಮೊದಲ ಮೂರು ನಾಲ್ಕು ರಾತ್ರಿ ಸದ್ದು ಇನ್ನೂ ಜೋರಾಗುತ್ತದೆ. ಆಗಲೇ ಸೋತು ಎದ್ದರೆ, ಜೋರಾಗಿ ಕಡಿಯಬೇಕು ಅಂತ ನೀವೇ ಹೇಳಿಕೊಟ್ಟಂತೆ. ಆ ವಾರದ ಮಟ್ಟಿಗೆ ಕೆಳಗಿನ ಮನೆಯವರಿಗೆ ವಿಷಯ ತಿಳಿಸಿ, ಗೂಡಿನ ಕೆಳಗೆ ದಪ್ಪ ಕಂಬಳಿ ಮಡಿಸಿ ಹಾಕಿ. ಕಂಬಿಗೆ ಖಾರದ ಪುಡಿ ಸವರುವ ಸಲಹೆ ಕೊಡುವವರಿದ್ದಾರೆ, ಅದು ಮೂಗಿಗೂ ಕಣ್ಣಿಗೂ ಹೋಗುತ್ತದೆ. ಪಕ್ಷಿ ಪಂಜರದ ಹಾಗೆ ಬಟ್ಟೆ ಮುಚ್ಚಿದರೆ ಗಾಳಿಯಾಡದೆ ಸೆಕೆಯಾಗುತ್ತದೆ. ಎರಡೂ ಬೇಡ.

ಆರು ತಿಂಗಳು ದಾಟಿದ ಮೊಲವಾದರೆ ಬೆದೆಯ ಚಡಪಡಿಕೆಯೂ ಇರಬಹುದು. ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರ ಹತ್ತಿರ ಸಂತಾನಹರಣದ ಬಗ್ಗೆ ಮಾತಾಡಿ. ಇನ್ನೊಂದು ಎಚ್ಚರಿಕೆ: ಸದ್ದು ಕಂಬಿಯದ್ದಲ್ಲದೆ, ಮೊಲ ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಟಕಟ ಮಸೆಯುತ್ತಿದ್ದರೆ ಅದು ನೋವು. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಹಿಕ್ಕೆ ಅಂದಾಗ ನೆನಪಾಯಿತು. ಮೊಲಕ್ಕಾಗಿ ರಾತ್ರಿ ಎಚ್ಚರವಿದ್ದು ನೋಡಿದವರು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಗಾಬರಿಯಾಗಿರುತ್ತಾರೆ. ಅದು ತಲೆ ಬಗ್ಗಿಸಿ ತನ್ನ ಹಿಂಭಾಗದಿಂದಲೇ ಏನನ್ನೋ ತೆಗೆದುಕೊಂಡು ತಿನ್ನುತ್ತದೆ. ನೆಲದ ಮೇಲೆ ಕಾಣುವ ಒಣ ಗುಂಡು ಹಿಕ್ಕೆ ಅಲ್ಲ ಅದು. ಮೆತ್ತಗೆ, ಕಪ್ಪಗೆ, ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಲೋಳೆ ಸುತ್ತಿಕೊಂಡು ಬರುವ ಇನ್ನೊಂದು ಬಗೆ. ಹುಲ್ಲು ಒಂದೇ ಸಲಕ್ಕೆ ಪೂರ್ತಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಚೀಲದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಬಿ ಜೀವಸತ್ವ, ಪ್ರೋಟೀನು ತುಂಬಿ ಕಳಿಸುತ್ತವೆ. ಹಸು ಮೆಲುಕು ಹಾಕಿ ಪಡೆಯುವುದನ್ನು ಮೊಲ ಹೀಗೆ ಪಡೆಯುತ್ತದೆ. ಕೊಳಕು ಅಂತ ಗದರಿಸಿ ಬಿಡಿಸಬೇಡಿ, ಬಾಯಿ ತೊಳೆಯಲೂ ಹೋಗಬೇಡಿ. ಆ ಮೆತ್ತನೆಯ ಗೊಂಚಲು ದಿನಾ ತಿನ್ನದೆ ನೆಲದಲ್ಲೇ ಉಳಿದಿದ್ದರೆ ಮಾತ್ರ ಪೆಲೆಟ್, ಹಣ್ಣು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿ. ಮೈ ದಪ್ಪವಾಗಿ ಬಗ್ಗಲು ಆಗುತ್ತಿಲ್ಲವೇ ಅಂತಲೂ ನೋಡಿ.