ಬ್ರೈಟ್ ಸ್ಪಾಟ್ ಕಂಡ ಕೂಡಲೇ ಗ್ಯಾಸ್ ಎನ್ನಬೇಡಿ: ಕಡಲ ಸೀಸ್ಮಿಕ್ ಟಿಪ್ಪಣಿ

ಮೈಸೂರು–ಮಂಡ್ಯದ ನೆಲದಡಿ ನೈಸ್, ಗ್ರಾನೈಟ್ ಬಿಟ್ಟರೆ ತೈಲ ಹುಟ್ಟುವಂಥ ದಪ್ಪ ಕಣಶಿಲೆಯೇ ಇಲ್ಲ. ಹಾಗಾಗಿ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದುವವರು ಕಡಲಡಿಯ ತೈಲ–ಗ್ಯಾಸ್ ಹುಡುಕಾಟವನ್ನು ಚಾಮುಂಡಿ ಬೆಟ್ಟ ಸುತ್ತಿ ಕಲಿಯಲಾಗದು. ಸೀಸ್ಮಿಕ್ ಸೆಕ್ಷನ್, ಅಂದರೆ ಶಬ್ದದ ಅಲೆಗಳ ಪ್ರತಿಫಲನದಿಂದ ಮೂಡಿದ ನೆಲದಡಿಯ ಸೀಳುಚಿತ್ರ, ಮುಂದಿಟ್ಟುಕೊಂಡೇ ಕಲಿಯಬೇಕು. ಅಲೆ ಹೊಮ್ಮಿಸುವ ಏರ್‌ಗನ್, ಅದನ್ನು ಹಿಡಿಯುವ ಹೈಡ್ರೋಫೋನ್, ಹೈಡ್ರೋಫೋನ್‌ಗಳನ್ನು ಹೊತ್ತು ಹಡಗಿನ ಹಿಂದೆ ಸಾಗುವ ಸ್ಟ್ರೀಮರ್ ಕೇಬಲ್, ಇವುಗಳ ವಿವರಣೆ ಪಠ್ಯದಲ್ಲಿದೆ. ಪೆಟ್ಟು ಬೀಳುವುದು ಸೆಕ್ಷನ್ ಓದುವಾಗ.

ಸೆಕ್ಷನ್‌ನ ಲಂಬ ಅಕ್ಷ ಸಾಮಾನ್ಯವಾಗಿ ಆಳವಲ್ಲ, ಅಲೆ ಹೋಗಿಬರುವ ಸಮಯ. ನೀರು 1000 ಮೀ. ಆಳವಿದ್ದು ವೇಗ ಸೆಕೆಂಡಿಗೆ 1500 ಮೀ. ಎಂದರೆ ಕಡಲ ತಳ 1.33 ಸೆಕೆಂಡಿಗೆ ಕಾಣುತ್ತದೆ. ಗುರಿಪದರ 2.4 ಸೆಕೆಂಡಿನಲ್ಲಿದೆ ಎನ್ನಿ. ಉಳಿದ 1.07 ಸೆಕೆಂಡನ್ನು ಅರ್ಧ ಮಾಡಿ, ಶಿಲೆಯ ವೇಗ 2200ರಿಂದ ಗುಣಿಸಿದರೆ ಸುಮಾರು 1180 ಮೀ.; ಒಟ್ಟು ಆಳ 2180. ಪೂರ್ತಿ ದಾರಿಗೂ ನೀರಿನ ವೇಗವನ್ನೇ ಹಾಕಿದರೆ 1800 ಬರುತ್ತದೆ. ಬಾವಿಯ ಲೆಕ್ಕದಲ್ಲಿ 380 ಮೀ. ತಪ್ಪು ಸಣ್ಣದಲ್ಲ.

ಇದೇ ಸೆಕ್ಷನ್‌ನಲ್ಲಿ 2.67 ಸೆಕೆಂಡಿನ ಹತ್ತಿರ ಗಾಢ ರೇಖೆ ಕಂಡರೆ ಮೊದಲು ಅನುಮಾನಿಸಿ. ಕಡಲ ತಳಕ್ಕೂ ನೀರಿನ ಮೇಲ್ಮೈಗೂ ನಡುವೆ ಎರಡು ಸಲ ಓಡಾಡಿದ ಮಲ್ಟಿಪಲ್ ಅಲ್ಲೇ ಬೀಳುತ್ತದೆ. ತಳ ಓರೆಯಿದ್ದರೆ ಅದರ ಓರೆ ಸುಮಾರು ಇಮ್ಮಡಿ.

ಈಗ ಬ್ರೈಟ್ ಸ್ಪಾಟ್, ಅಂದರೆ ಸೆಕ್ಷನ್‌ನಲ್ಲಿ ಸುತ್ತಲಿಗಿಂತ ಜೋರಾಗಿ ಕಾಣುವ ಪ್ರತಿಫಲನ. ಮರಳುಗಲ್ಲಿನ ರಂಧ್ರಗಳಲ್ಲಿ ಗ್ಯಾಸ್ ತುಂಬಿದರೆ ವೇಗವೂ ಸಾಂದ್ರತೆಯೂ ಇಳಿಯುತ್ತವೆ. ಮೇಲಿನ ಶೇಲ್‌ಗಿಂತ (ಜೇಡಿಶಿಲೆ) ಮರಳು ಮೆದುವಾದಾಗ ಪ್ರತಿಫಲನ ಜೋರಾಗಿ, ಋಣ ಧ್ರುವತೆಯಲ್ಲಿ (ಅಲೆಯ ಏರಿಳಿತ ತಿರುಗುಮುರುಗಾಗಿ) ಬರುತ್ತದೆ. ಸುಣ್ಣಕಲ್ಲು, ಬಸಾಲ್ಟ್‌ಗಳೂ ಜೋರಾಗಿ ಮಿಂಚುತ್ತವೆ, ಆದರೆ ಧನ ಧ್ರುವತೆಯಲ್ಲಿ. ಆದ್ದರಿಂದ ಆ ದತ್ತಾಂಶದಲ್ಲಿ ಕಡಲ ತಳದ ಧ್ರುವತೆ ಏನೆಂದು ನೋಡಿ, ಅದಕ್ಕೆ ಹೋಲಿಸಿ; ಗ್ಯಾಸಿನದು ಅದಕ್ಕೆ ತಿರುಗುಮುರುಗು. ಆದರೆ ಕಲ್ಲಿದ್ದಲು ಗ್ಯಾಸಿನಂತೆಯೇ ಕಂಡು ಮೋಸಮಾಡುತ್ತದೆ. ಓರೆ ಪದರಗಳನ್ನು ಅಡ್ಡ ಕತ್ತರಿಸುವ ಸಮತಟ್ಟು ರೇಖೆ, ಅಂದರೆ ಫ್ಲಾಟ್ ಸ್ಪಾಟ್ ಸಿಕ್ಕರೆ ನಂಬಿಕೆ ಹೆಚ್ಚುತ್ತದೆ. ಅದು ಗ್ಯಾಸ್–ನೀರಿನ ಗಡಿಯಾಗಿರಬಹುದು.

ದೊಡ್ಡ ಗುಂಡಿ ಮುಂದಿದೆ. ಶೇಕಡಾ 5–10ರಷ್ಟು ಗ್ಯಾಸ್ ಸೇರಿದರೂ ವೇಗ ಧುಮುಕಿಬಿಡುತ್ತದೆ. 80 ತುಂಬಿದ್ದರೂ ಹೆಚ್ಚುಕಮ್ಮಿ ಅಷ್ಟೇ. ಕಾರಣ, ರಂಧ್ರದ ದ್ರವವನ್ನು ಹಿಂಡಲು ಬರುವಂತೆ ಮಾಡಲು ಚೂರು ಗ್ಯಾಸ್ ಸಾಕು. ಎವಿಒ (ಅಲೆ ಬೀಳುವ ಕೋನ ಬದಲಾದಂತೆ ಪ್ರತಿಫಲನದ ಜೋರು ಹೇಗೆ ಬದಲಾಗುತ್ತದೆಂಬ ಪರೀಕ್ಷೆ) ಕೂಡ ಇವೆರಡನ್ನು ಸುಲಭಕ್ಕೆ ಬೇರ್ಪಡಿಸದು. ಸಾಂದ್ರತೆ ಮಾತ್ರ ಗ್ಯಾಸಿನ ಪ್ರಮಾಣಕ್ಕೆ ತಕ್ಕಂತೆ ಇಳಿಯುವುದರಿಂದ ಅದೇ ನಿಜವಾದ ಸುಳಿವು. ಆದರೆ ಸಾಂದ್ರತೆ ತಿಳಿಯಲು ದೊಡ್ಡ ಕೋನದವರೆಗಿನ ಸ್ವಚ್ಛ ದತ್ತಾಂಶ, ಅಂದರೆ ಉದ್ದನೆಯ ಸ್ಟ್ರೀಮರ್ ಬೇಕು. ಅದಿಲ್ಲದ ಹಳೆಯ ಸರ್ವೆಯ ಮೇಲೆ "ಗ್ಯಾಸ್ ಇರಬಹುದು" ಎಂದಷ್ಟೇ ಬರೆಯಿರಿ, "ಎಷ್ಟಿದೆ" ಎಂಬ ಕಾಲಂ ಖಾಲಿ ಬಿಡಿ.