ಬೀಗ ಹಾಕಿದ ಫ್ಲ್ಯಾಟಿಗೂ ಮೇಂಟೆನೆನ್ಸ್ ಕಟ್ಟಬೇಕಾ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮದು ಸ್ವಂತ ಫ್ಲ್ಯಾಟ್. ಇಬ್ಬರೂ ರಿಟೈರ್ ಆಗಿದ್ದೇವೆ. ಮೇಂಟೆನೆನ್ಸ್ ತಿಂಗಳಿಗೆ 2,500 ರೂಪಾಯಿ. ವರ್ಷದಲ್ಲಿ ಆರು ತಿಂಗಳು ಪುಣೆಯಲ್ಲಿ ಮಗನ ಹತ್ತಿರ ಇರುತ್ತೇವೆ. ಆಗಲೂ ಕಟ್ಟಬೇಕಾ? ಈ ಖರ್ಚು ತೂಗಿಸೋದು ಹೇಗೆ?

ಉತ್ತರ: ಕಟ್ಟಬೇಕು. ಅರ್ಧ ಅಲ್ಲ, ಪೂರ್ತಿ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿಮ್ಮ ಕಟ್ಟಡದಲ್ಲಿ 16 ಮನೆ ಇವೆ, ತಿಂಗಳ ಖರ್ಚು 40,000 ಅಂತ ಇಟ್ಟುಕೊಳ್ಳಿ. ತಲಾ 2,500 ಆಯಿತು. ನಾಲ್ಕು ಮನೆಯವರು ಬೀಗ ಹಾಕಿ ಹೋಗಿ ದುಡ್ಡು ನಿಲ್ಲಿಸಿದರು. ನೀವು ಊರಿಗೆ ಹೋದಿರಿ ಅಂತ ವಾಚ್‌ಮನ್ ಪಗಾರ ಕಡಿಮೆ ಆಗುತ್ತಾ? ಲಿಫ್ಟ್ ಕಂಪನಿಯವರು ವರ್ಷದ ಕರಾರಿನಲ್ಲಿ ರಿಯಾಯಿತಿ ಕೊಡುತ್ತಾರಾ? ಮೆಟ್ಟಿಲ ದೀಪದ ಹೆಸ್ಕಾಂ ಬಿಲ್ಲು ಹಾಗೇ ಬರುತ್ತದೆ. ಮಲಪ್ರಭಾ ನೀರು ಬಿಟ್ಟ ದಿನ ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೋಟಾರೂ ಓಡಲೇಬೇಕು. ಅದೇ 40,000 ಈಗ 12 ಮನೆ ಮೇಲೆ ಬಿತ್ತು. ತಲಾ 3,333. ಆ 12ರಲ್ಲಿ ನಿಮ್ಮಂಥ ಪಿಂಚಣಿದಾರರೂ ಇದ್ದಾರೆ, ಅಲ್ವಾ?

‘ನಮ್ಮದು ನೆಲಮಹಡಿ, ಲಿಫ್ಟ್ ಹತ್ತೋದೇ ಇಲ್ಲ’ ಅನ್ನುವವರಿಗೂ ಇದೇ ಉತ್ತರ. ನೀವು ಕೊಂಡದ್ದು ಬರೀ ನಾಲ್ಕು ಗೋಡೆ ಅಲ್ಲ. ಲಿಫ್ಟ್, ಮೆಟ್ಟಿಲು, ಮೇಲಿನ ಗಚ್ಚು (ತಾರಸಿ) ಎಲ್ಲದರಲ್ಲೂ ನಿಮ್ಮ ಪಾಲಿದೆ. ಮಾರುವಾಗ ಅದರ ಬೆಲೆಯನ್ನೂ ಸೇರಿಸಿಯೇ ಮಾರುತ್ತೀರಿ. ‘ನಾನು ಬಳಸೋದಿಲ್ಲ’ ಅಥವಾ ‘ಮನೆಯಲ್ಲಿ ಇರೋದಿಲ್ಲ’ ಅಂದ ಮಾತ್ರಕ್ಕೆ ಸಾಮಾನ್ಯ ಖರ್ಚಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಕಾಯ್ದೆಯಲ್ಲೇ ಬರೆದಿದೆ. ಬಾಕಿ ಉಳಿದರೆ ಅದು ಫ್ಲ್ಯಾಟಿನ ಮೇಲೆಯೇ ಕೂರುತ್ತದೆ. ಮಾರಿದ ದಿನ ಬಂದ ಹಣದಿಂದ ತೀರಿಸಬೇಕು.

ಇನ್ನು ತೂಗಿಸುವ ವಿಷಯ. ಸರ್ಕಾರಿ ಪಿಂಚಣಿ ಇದ್ದರೆ ತುಟ್ಟಿಭತ್ಯೆ ಏರುತ್ತದೆ, ಸ್ವಲ್ಪ ಆಸರೆ. ಸಾರಿಗೆ ಸಂಸ್ಥೆಯಿಂದಲೋ ಖಾಸಗಿ ಕಾರ್ಖಾನೆಯಿಂದಲೋ ರಿಟೈರ್ ಆಗಿ ಇಪಿಎಸ್ (ಪಿಎಫ್ ಕಚೇರಿ ಕೊಡುವ) ಪಿಂಚಣಿ ಪಡೆಯುವವರಿಗೆ ಅದೂ ಇಲ್ಲ. ಅವರು ಬಂದ ಗಂಟಿನಲ್ಲಿ ಮನೆಗೆ ಅಂತಲೇ ಒಂದು ಭಾಗ ತೆಗೆದಿಡಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿ 8.2% ಇದ್ದಾಗ 5 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಬರುತ್ತದೆ. ಅದರಲ್ಲಿ 7,500 ಮೇಂಟೆನೆನ್ಸ್‌ಗೆ ಹೋಯಿತು. ಉಳಿದ 2,750ನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ, ರಿಪೇರಿಗೆ ಮತ್ತು ತೆರಿಗೆಗೆ ಅಂತ ಬೇರೆ ಖಾತೆಯಲ್ಲಿಡಿ. ಏಪ್ರಿಲ್ ಕಂತು ಬಂದ ತಕ್ಷಣ ಪಾಲಿಕೆಯ ಆಸ್ತಿ ತೆರಿಗೆ ಕಟ್ಟಿಬಿಡಿ. ಆ ತಿಂಗಳಲ್ಲೇ ಕಟ್ಟಿದರೆ 5% ರಿಯಾಯಿತಿ ಇದೆ. ಮೇಂಟೆನೆನ್ಸ್ ಏರುತ್ತಲೇ ಇರುತ್ತದೆ, ಈ ಬಡ್ಡಿ ಮಾತ್ರ ಐದು ವರ್ಷ ಏರುವುದಿಲ್ಲ. ಇದನ್ನು ಮರೆಯಬೇಡಿ.

ಧಾರವಾಡದಲ್ಲಿ ಸ್ವಂತ ಬಿಡಿ ಮನೆ ಇರುವವರು ನಮಗೆ ಮೇಂಟೆನೆನ್ಸೇ ಇಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಅವರದೂ ಇದೆ, ತಿಂಗಳಿಗೊಮ್ಮೆ ಕೇಳಲು ಯಾರೂ ಬರುವುದಿಲ್ಲ ಅಷ್ಟೇ. ಗಚ್ಚಿನ ಮೇಲಿನ ನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ. ಮಳೆನೀರು ಅಲ್ಲೇ ನಿಂತು ಬಿರುಕಿನೊಳಗೆ ಇಳಿಯುತ್ತದೆ. ಶ್ರಾವಣದ ಹೊತ್ತಿಗೆ ಮಲಗುವ ಕೋಣೆಯ ಮೂಲೆಯಲ್ಲಿ ಬಣ್ಣ ಉಬ್ಬಿ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ಮೇ ತಿಂಗಳಲ್ಲಿ ಗೌಂಡಿಯನ್ನು ಕರೆಸಿ ಬಿರುಕು ಮುಚ್ಚಿಸಿದರೆ ಒಂದು ದಿನದ ಕೂಲಿಯಲ್ಲಿ ಮುಗಿಯುವ ಕೆಲಸ ಅದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಖರ್ಚಿನ ತಲೆನೋವೇ ಬೇಡ ಅಂತ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡಲು ಅವಸರ ಮಾಡಬೇಡಿ. ಮನೆ ನಿಮ್ಮ ಹೆಸರಲ್ಲಿದ್ದರೆ, 60 ದಾಟಿದವರು ಬ್ಯಾಂಕಿನಲ್ಲಿ ರಿವರ್ಸ್ ಮಾರ್ಟ್‌ಗೇಜ್ ಸಾಲ ಕೇಳಬಹುದು. ಅದೇ ಮನೆಯಲ್ಲಿ ಇದ್ದುಕೊಂಡೇ ಕಂತಿನಲ್ಲಿ ಹಣ ಪಡೆಯಬಹುದು, ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಕೊಡಲೇಬೇಕು ಅನ್ನಿಸಿದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಮುಂದೆ ಮಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಪತ್ರ ರದ್ದು ಮಾಡಿಸಬಹುದು. ಆ ಷರತ್ತು ಬರೆಸದೆ ಹೋದರೆ ನಿಮ್ಮ ಕೇಸು ಬಹಳ ದುರ್ಬಲ ಆಗುತ್ತದೆ. ಸಹಿ ಹಾಕುವ ಮೊದಲು ನೀವೇ ಕೂತು ಪೂರ್ತಿ ಓದಿ.