ಬಿಳಿ ಕರಡಿ ಬೇಕಿದ್ದರೆ ಕಪ್ಪು ಕರಡಿ ಉಳಿಯಬೇಕು

ಕೆನಡಾದ ಪಶ್ಚಿಮ ಕರಾವಳಿಯ ಗ್ರೇಟ್ ಬೇರ್ ಮಳೆಕಾಡಿಗೆ ಸಣ್ಣ ಹಡಗಿನಲ್ಲಿ ಹೋಗುವವರಿಗೆ ಸೆಪ್ಟೆಂಬರ್ ಒಳ್ಳೆಯ ಕಾಲ. ಸಾಲ್ಮನ್ ಮೀನು ಹೊಳೆ ಏರುತ್ತದೆ, ಅದರ ಹಿಂದೆಯೇ ಕರಡಿ ಬರುತ್ತದೆ. ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿದ ಮೇಲೆ ರಬ್ಬರ್ ದೋಣಿಯಲ್ಲಿ ದಡ ಸೇರಿ, ಹೊಳೆಯಂಚಿನಲ್ಲಿ ಗಂಟೆಗಟ್ಟಲೆ ಸದ್ದಿಲ್ಲದೆ ಕೂರಬೇಕು. ಎಲ್ಲರ ಕಣ್ಣೂ ಹುಡುಕುವುದು ಬಿಳಿ ಕರಡಿಯನ್ನೇ. ಅದೇ ಸ್ಪಿರಿಟ್ ಕರಡಿ, ಇಲ್ಲಿನ ಕಪ್ಪು ಕರಡಿಯದೇ ಬಿಳಿ ರೂಪ.

ಅದು ಹಿಮಕರಡಿಯಲ್ಲ, ಆಲ್ಬಿನೋ ಅಂತೂ ಅಲ್ಲವೇ ಅಲ್ಲ. ಆಲ್ಬಿನೋ ಪ್ರಾಣಿಯಲ್ಲಿ ಬಣ್ಣ ತಯಾರಿಸುವ ಕೆಲಸವೇ ಕೆಟ್ಟಿರುತ್ತದೆ. ಈ ಕರಡಿಯ ಕಣ್ಣು ಕಂದು, ಮೂಗು ಕಪ್ಪು. ಬಣ್ಣದ ಗಿರಣಿ ಚೆನ್ನಾಗಿಯೇ ಓಡುತ್ತಿದೆ. ಕೆಟ್ಟಿರುವುದು, ಕೂದಲಿಗೆ 'ಕಪ್ಪು ಬಣ್ಣ ಅರೆ' ಎಂದು ಹೇಳುವ ಕರೆಗಂಟೆ. ಆ ಗಂಟೆಯೇ ಎಂಸಿ1ಆರ್ ಎಂಬ ಪ್ರೋಟೀನು. ಅದರ 298ನೇ ಜಾಗದಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲದ ಬದಲು ಸಿಸ್ಟೀನ್ ಕೂತಿದೆ, ಅಷ್ಟೇ. ಗಂಟೆ ಮೊಳಗದಿದ್ದರೆ ಕೂದಲು ಕೆನೆಬಣ್ಣಕ್ಕೆ ತಿರುಗುತ್ತದೆ.

ಆದರೆ ಗಂಟೆ ಎರಡಿವೆ, ಅಂದರೆ ಅದರ ಜೀನಿನ ಎರಡು ಪ್ರತಿ: ತಾಯಿಯದೊಂದು, ತಂದೆಯದೊಂದು. ಒಂದು ಮೊಳಗಿದರೂ ಕೂದಲು ಕಪ್ಪೇ. ಒಂದೇ ತೊಟ್ಟಿಗೆ ಎರಡು ನಲ್ಲಿಗಳಿದ್ದಂತೆ: ಒಂದು ಕಟ್ಟಿಕೊಂಡರೂ ತೊಟ್ಟಿ ತುಂಬುತ್ತದೆ, ನೋಡಿದವರಿಗೆ ಕೊರತೆ ತಿಳಿಯುವುದಿಲ್ಲ. ಕಬಿನಿಯ ಕರಿಚಿರತೆಯದೂ ಇದೇ ಲೆಕ್ಕ, ತಿರುವುಮುರುವಾಗಿ. ಅಲ್ಲಿ ಅಡಗಿ ಬರುವುದು ಕಪ್ಪು.

ಈಗ ಎಣಿಸಿ ನೋಡಿ. ಕರಡಿಗಳು ಬಣ್ಣ ನೋಡದೆ ಕೂಡುತ್ತವೆ, 100ರಲ್ಲಿ 10 ಬಿಳಿ ಎಂದುಕೊಳ್ಳೋಣ. ಬಿಳಿಯಾಗಲು ಎರಡೂ ಪ್ರತಿ ಬಿಳಿಯವೇ ಆಗಬೇಕು, ಹಾಗಾಗಿ ವರ್ಗಮೂಲ ತೆಗೆಯಬೇಕು: ಹತ್ತರಲ್ಲೊಂದರ ವರ್ಗಮೂಲ ಸುಮಾರು 0.32. ಅಂದರೆ ಜೀನಿನ ಪ್ರತಿಗಳಲ್ಲಿ ಶೇ 32 ಬಿಳಿಯವು. ಒಂದು ಪ್ರತಿ ಮಾತ್ರ ಬಿಳಿ, ಅದು ತಾಯಿಯಿಂದ ಇಲ್ಲವೇ ತಂದೆಯಿಂದ ಎಂದು 2 × 0.32 × 0.68 ಲೆಕ್ಕ ಹಾಕಿದರೆ ಸುಮಾರು 43 ಕಪ್ಪು ಕರಡಿಗಳ ಮೈಯಲ್ಲಿ ಬಿಳಿ ಅಡಗಿದೆ! ಹೊಳೆಯಲ್ಲಿ ಕಪ್ಪು ತಾಯಿಯ ಹಿಂದೆ ಬಿಳಿ ಮರಿ ಕಂಡರೆ ಆ ತಾಯಿ ಈ 43ರ ಪೈಕಿಯವಳೇ.

ಬಿಳಿಗೆ ಲಾಭವೂ ಉಂಟು. ನೀರೊಳಗಿನ ಮೀನಿಗೆ ಮೇಲಿನ ಬೆಳಕಿನ ಎದುರು ಕಪ್ಪು ಆಕಾರ ಎದ್ದು ಕಾಣುತ್ತದೆ, ಬಿಳಿ ಅಷ್ಟಾಗಿ ಕಾಣುವುದಿಲ್ಲ. ಹಗಲಿನಲ್ಲಿ ಬಿಳಿ ಕರಡಿಗೆ ಸುಮಾರು ಮೂರು ಪ್ರಯತ್ನಕ್ಕೊಂದು ಮೀನು, ಕಪ್ಪಿಗೆ ನಾಲ್ಕಕ್ಕೊಂದು. ಕತ್ತಲಾದರೆ ಈ ಮೇಲುಗೈ ಇಲ್ಲ.

1905ರಲ್ಲಿ ನ್ಯೂಯಾರ್ಕಿನ ಮೃಗಾಲಯದ ವಿಲಿಯಂ ಹಾರ್ನಡೇ ಇದನ್ನು ಹೊಸ ಪ್ರಭೇದವೆಂದು ಸಾರಿ, ವಿಕ್ಟೋರಿಯಾ ನಗರದ ಮ್ಯೂಸಿಯಂನ ಫ್ರಾನ್ಸಿಸ್ ಕರ್ಮೋಡ್ ಅವರ ಹೆಸರನ್ನು ಅದಕ್ಕಿಟ್ಟರು. ತಪ್ಪು, ಅದು ಅಮೆರಿಕದ ಕಪ್ಪು ಕರಡಿಯೇ. ಇಲ್ಲಿನ ಮೂಲನಿವಾಸಿಗಳಾದ ಗಿಟ್‌ಗಾಟ್ ಮತ್ತು ಕಿಟಾಸೂ ಹೈಹೈಸ್ ಜನರಿಗೆ ಅದು ಮೊದಲೇ ಗೊತ್ತಿತ್ತು. ತುಪ್ಪಳದ ವ್ಯಾಪಾರಿಗಳ ಕಿವಿಗೆ ಬೀಳಬಾರದೆಂದು ಹಿರಿಯರು ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ. ಹಿಮಯುಗದ ನೆನಪಿಗಾಗಿ ರೇವನ್ ಹಕ್ಕಿ ಹತ್ತರಲ್ಲೊಂದು ಕರಡಿಯನ್ನು ಬೆಳ್ಳಗಾಗಿಸಿತು ಎಂಬುದು ಅವರ ಕತೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಗಮನಿಸಬೇಕು: ಕಪ್ಪು ಮತ್ತು ಬಿಳಿ ಒಂದೇ ಕುಲ ಎಂಬುದು ಆ ಕತೆಯೊಳಗೇ ಇದೆ, ಹಾರ್ನಡೇಗೆ ಅದು ಹೊಳೆಯಲಿಲ್ಲ.

ಕಾನೂನು ಬಹುಕಾಲ ಬಿಳಿಯನ್ನಷ್ಟೇ ಕಾಯಿತು. ಬಿಳಿ ಜೀನು ಹೊತ್ತ ಕಪ್ಪು ಕರಡಿಯನ್ನು ಹೊಡೆಯಲು ಅಡ್ಡಿ ಇರಲಿಲ್ಲ. ಈ ಎರಡು ಸಮುದಾಯಗಳ ಒತ್ತಾಯದ ಮೇಲೆ 2022ರಲ್ಲಿ ಅವರ ನೆಲದ 8,000 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶದಲ್ಲಿ ಕಪ್ಪು ಕರಡಿಯ ಬೇಟೆಯೂ ನಿಂತಿತು.